ಅಧ್ಯಕ್ಷರು ಮೊದಲು

ಮೂಡಲಗಿಯ ಬೆಲ್ಲದ ವ್ಯಾಪಾರಸ್ಥರ ಸಂಘದ ಅಧ್ಯಕ್ಷರು ಆದಿನಾಥ, ಊರಿಗೆಲ್ಲ ಕಾಕಾ. ಅವರು ಎಲ್ಲೆಡೆಯೂ ಮೊದಲಿರಬೇಕು. ಊಟದ ಪಂಕ್ತಿಯಲ್ಲಿ ಮೊದಲ ಎಲೆ, ಆಮಂತ್ರಣದಲ್ಲಿ ಮೊದಲ ಹೆಸರು, ಶೋಕಸಭೆಯಲ್ಲಿ ಮೊದಲ ಭಾಷಣ. ಸತ್ತವನ ಪುಣ್ಯ, ಅವನಿಗೆ ಅದನ್ನು ಕೇಳುವ ಪಾಡಿರಲಿಲ್ಲ.

೨೦೦೮ರಲ್ಲಿ ಸಂಘಕ್ಕೊಂದು ವೆಬ್‌ಸೈಟ್ ಬೇಕೆನಿಸಿತು. ಮಾಡಿದವಳು ನಾನು, ಕೊಣ್ಣೂರಿನ ಮಾಲಾ. ಚೆನ್ನಾಗಿ ಬಂದರೆ ಸಂಘದ ಕಂಪ್ಯೂಟರ್ ನೌಕರಿ ನಿನಗೇ ಎಂದಿದ್ದರು ಕಾಕಾ. ಆ ನೌಕರಿ ನನಗೆ ಬಹಳ ಬೇಕಾಗಿತ್ತು.

ಮುಖಪುಟಕ್ಕೆ ಚಿತ್ರ ಬಿಡಿಸಿದೆ: ಹಿಂದೆ ಸಂಘದ ಕಟ್ಟಡ, ಮುಂದೆ ಬೆಲ್ಲದ ಪೆಂಟೆಗಳು, ಎಲ್ಲಕ್ಕೂ ಮುಂದೆ ಟೊಪ್ಪಿಗೆ ಹಾಕಿದ ಕಾಕಾ. ಇಂಥ ಚಿತ್ರದ ಫೈಲಿನೊಳಗೆ ಇರುವುದು ಬರೀ ಬರವಣಿಗೆ: ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಬಣ್ಣ ತುಂಬು. ಬ್ರೌಸರ್ ಅದನ್ನು ಮೇಲಿನಿಂದ ಓದುತ್ತ, ಒಂದರ ಮೇಲೊಂದು ಬಿಡಿಸುತ್ತ ಹೋಗುತ್ತದೆ. ಮೊದಲು ಓದಿದ್ದು ಅಡಿಗೆ ಬೀಳುತ್ತದೆ, ಕಡೆಗೆ ಓದಿದ್ದು ಮೇಲೆ ಕಾಣುತ್ತದೆ. ಅದಕ್ಕೇ ಕಾಕಾರನ್ನು ಬಿಡಿಸುವ ಸಾಲುಗಳನ್ನು ಕಡೆಗೆ ಇಟ್ಟು, ಯಾವುದು ಯಾರದೆಂದು ಪಕ್ಕದಲ್ಲಿ ಬರೆದಿದ್ದೆ.

ಅವರ ತಂಗಿಯ ಮಗ ಅಭಿನಂದನ ಪುಣೆಯಲ್ಲಿ ಏನೋ ಕೋರ್ಸು ಮಾಡಿ ಬಂದಿದ್ದ. ಕಲಿತದ್ದು ತಂಪು ಕನ್ನಡಕ ಹಾಕುವುದೊಂದೇ. ಅವನು ಫೈಲು ತೆರೆದು ಚಾಡಿ ಹೇಳಿದ.

"ಮಾಮಾ, ಬೆಲ್ಲಕಿಂತ ಕೆಳಗ ಬರದಾಳ್ರಿ ಈಕಿ ನಿಮ್ಮನ್ನ."

ಕಾಕಾರ ಮುಖ ಕೆಂಪಾಯಿತು. ಅಭಿನಂದನ ಆ ಸಾಲುಗಳನ್ನು ಎತ್ತಿ ಫೈಲಿನ ತಲೆಗೆ ಇಟ್ಟ. ಬೇಡವೆಂದು ಬಾಯಿ ಬಡಿದುಕೊಂಡೆ, ಯಾರು ಕೇಳಬೇಕು.

ಉದ್ಘಾಟನೆಯ ದಿನ ಪರದೆಯ ಮೇಲೆ ಕಟ್ಟಡ ಬಂತು, ಬೆಲ್ಲ ಬಂತು. ಕಾಕಾ ಬರಲಿಲ್ಲ. ಹಿಂದಿನ ಕುರ್ಚಿಗಳಲ್ಲಿ ಯಾರೋ ನಕ್ಕರು.

"ಮಾಲಾ, ನಾ ಎಲ್ಲಿ ಅದೇನಿ?"

"ಕಟ್ಟಡದ ಹಿಂದ ಅದೀರ್ರಿ ಕಾಕಾ. ರಂಗೋಲಿ ಹಾಕಿ ಮ್ಯಾಲ ಚಾಪಿ ಹಾಸಿದಂಗ ಆಗೈತಿ. ನಿಮ್ಮನ್ನ ಎಲ್ಲಾರಕಿಂತ ಕಡೀಕ ಇಟ್ರ ಈಗ ಕಾಣಸ್ತೀರಿ."

ಕಡೀಕ ಎಂದದ್ದು ಇಡೀ ಸಭೆಗೆ ಕೇಳಿಸಿತ್ತು. ಕಾಕಾ ಉಳಿದ ಸದಸ್ಯರ ಮುಖ ನೋಡಿದರು.

"ಕಾಣದಿದ್ರೂ ನಡೀತೈತಿ. ಮೊದಲ ಇರ್ಲಿ," ಎಂದರು.

ನೌಕರಿ ಅಭಿನಂದನನಿಗೆ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ನಾನು ಗೋಕಾಕದಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿ ಸೇರಿದೆ. ಬೇಸರವಾದಾಗ ಸಂಘದ ವೆಬ್‌ಸೈಟ್ ತೆರೆಯುತ್ತಿದ್ದೆ. ಅಲ್ಲಿ ನೆಟ್ ಬಹಳ ನಿಧಾನ. ಮೊದಲು ಕಾಕಾರ ಟೊಪ್ಪಿಗೆ ಬರುತ್ತಿತ್ತು, ಆಮೇಲೆ ಮೀಸೆ. ಅಷ್ಟರಲ್ಲಿ ಅವರದೇ ಸಂಘದ ಕಟ್ಟಡ ಬಂದು ಅವರ ಮೇಲೆ ಕೂರುತ್ತಿತ್ತು. ನಾನು ಮತ್ತೊಮ್ಮೆ ತೆರೆಯುತ್ತಿದ್ದೆ.