ಚೆಂಡು ಹೋದ ಮೇಲೆ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ್ದ ಫ್ಲೆಕ್ಸಿನಲ್ಲಿ ಒಬ್ಬನ ಕಾಲು ಮುರಿಯುತ್ತಿತ್ತು. ಮುರಿಯುತ್ತಿದ್ದವನು ನಟರಾಜು. ಫೋಟೊ ಗೋವಾದ ಒಂದು ಫುಟ್‌ಬಾಲ್ ಪಂದ್ಯದ್ದು. ಕೆಳಗೆ ಬಿದ್ದವನ ಮುಖವಿರಬೇಕಾದ ಜಾಗದಲ್ಲಿ ಕಂಟ್ರಾಕ್ಟರ್ ದೇವಣ್ಣ ಕೈಮುಗಿದು ನಗುತ್ತಿದ್ದ. ಮೇಲೆ ದಪ್ಪ ಅಕ್ಷರಗಳು: ‘ನಮ್ಮ ಹೆಮ್ಮೆಯ ಸೌದೆ ನಟರಾಜುಗೆ ತವರಿನ ಸ್ವಾಗತ’.

“ಇವ್ರಿಗೆ ಬೇರೆ ಫೋಟೊನೇ ಸಿಗ್ಲಿಲ್ವಾ?” ಅಂದಳು ಅಂಜನಾ.

“ಸಿಕ್ಕಿರ್ತವೆ.”

“ಮತ್ತೆ?”

ನಟರಾಜು ಹೆಂಡತಿಯ ಕೈಯಲ್ಲಿದ್ದ ಬೂಟಿನ ಚೀಲ ತೆಗೆದುಕೊಂಡ. ಇಬ್ಬರೂ ಮೈದಾನದ ಕಡೆ ನಡೆದರು.

ಅವನು ಹದಿನೈದು ವರ್ಷ ಡಿಫೆಂಡರ್ ಆಗಿ ಆಡಿದ್ದ. ಮೊದಲು ಬೆಂಗಳೂರಿನ ಒಂದು ಕ್ಲಬ್ಬು, ಆಮೇಲೆ ಕೋಲ್ಕತ್ತ, ಕೊನೆಗೆ ಗೋವಾ. ಡಿಫೆಂಡರ್ ಮಾಡುವ ಒಳ್ಳೆಯ ಕೆಲಸವೆಲ್ಲ ಆಗದೆ ಹೋದ ಗೋಲುಗಳಲ್ಲಿ ಇರುತ್ತದೆ. ಆಗದೆ ಹೋದದ್ದನ್ನು ಯಾರೂ ಫೋನಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಊರಿನವರ ಫೋನುಗಳಲ್ಲಿ ಅವನ ಇಷ್ಟೂ ವರ್ಷಗಳಿಂದ ಉಳಿದಿದ್ದದ್ದು ಜಾರಿ ಬಂದು ಕಾಲು ಚಾಚಿದ ಗೋವಾದ ಆ ಒಂದು ಟ್ಯಾಕಲ್ ಮಾತ್ರ. ಸೌದೆ ಸೀಳಿದ ಹಾಗೆ ಸದ್ದು ಬಂತು ಅಂತ ಯಾರೋ ಬರೆದಿದ್ದರು. ಹೆಸರು ಅಲ್ಲಿಂದ ಹುಟ್ಟಿತ್ತು.

ಈಗ ಮಂಡಿ ಹೋಗಿತ್ತು. ಯಾವ ಕ್ಲಬ್ಬೂ ಕರೆಯುತ್ತಿರಲಿಲ್ಲ. ಫುಟ್‌ಬಾಲ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಊರೂರು ಬದಲಿಸಿ ಸಾಕಾಗಿದ್ದ ಅಂಜನಾಗೆ ಇಲ್ಲೇ ನಿಲ್ಲುವ ಆಸೆ. ದೇವಣ್ಣ ಊರಲ್ಲಿ ಫುಟ್‌ಬಾಲ್ ಕೋಚಿಂಗ್ ಕೇಂದ್ರ ತೆರೆಯುತ್ತಿದ್ದ. ಅದಕ್ಕೆ ಕೋಚ್ ಬೇಕಿತ್ತು. ಇವತ್ತು ಕೊಳ್ಳೇಗಾಲ ಮತ್ತು ಹನೂರು ತಂಡಗಳ ನಡುವೆ ಒಂದು ಪಂದ್ಯ, ಆಮೇಲೆ ಸನ್ಮಾನ, ಸನ್ಮಾನದಲ್ಲೇ ಕೆಲಸದ ಘೋಷಣೆ. ನಟರಾಜು ಊರಿನ ಪರವಾಗಿ ಆಡಬೇಕು. ಅಷ್ಟೇ ಅಂತ ದೇವಣ್ಣ ಹೇಳಿದ್ದ.

ಮೈದಾನ ತುಂಬಿತ್ತು. ಮಾಂಬಳ್ಳಿ, ಅಗರದ ಕಡೆಯಿಂದಲೂ ಟೆಂಪೊಗಳಲ್ಲಿ ಜನ ಬಂದಿದ್ದರು. ಅಂಜನಾ ಶಾಮಿಯಾನದ ಕೆಳಗೆ ಹೆಂಗಸರ ಕುರ್ಚಿಗಳ ಸಾಲಿನಲ್ಲಿ ಕೂತಳು.

ಹನೂರಿನ ತಂಡದಲ್ಲಿ ಪುಟ್ಟಬೊಮ್ಮ ಎಂಬ ಯುವಕನಿದ್ದ. ಮಲೆ ಮಹದೇಶ್ವರ ಬೆಟ್ಟದ ದಾರಿಯ ಸೋಲಿಗರ ಪೋಡಿನವನು, ಎಂದರೆ ಕಾಡೊಳಗಿನ ಬುಡಕಟ್ಟು ಹಟ್ಟಿಯವನು. ಚೆಂಡು ಅವನ ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತಿತ್ತು. ಮೊದಲ ಅರ್ಧದಲ್ಲಿ ಅವನು ನಟರಾಜುವನ್ನು ಮತ್ತೆ ಮತ್ತೆ ದಾಟಿಕೊಂಡು ಹೋದ, ಒಂದು ಗೋಲನ್ನೂ ಹೊಡೆದ. ನಟರಾಜುವಿಗೆ ಬೇಜಾರಾಗಲಿಲ್ಲ. ಚೆನ್ನಾಗಿ ಆಡುವವನು ಎದುರಿಗೆ ಬಂದಾಗ ಆಗುವ ಒಂದು ಹಳೆಯ ಖುಷಿ ಮೈಯಲ್ಲಿ ಆಡಿತು.

ಮಧ್ಯದ ವಿರಾಮದಲ್ಲಿ ದೇವಣ್ಣ ಎಳನೀರು ಹಿಡಿದು ಬಂದ.

“ಲೇ ನಟ್ರಾಜ, ಜನ ಏನ್ ನೋಡಕ್ಕೆ ಬಂದವ್ರೆ ಅಂತ ಗೊತ್ತೇನ್ಲಾ ನಿಂಗೆ?”

“ಫುಟ್‌ಬಾಲ್.”

“ಫುಟ್‌ಬಾಲಂತೆ ಫುಟ್‌ಬಾಲು! ಅದ್ನ ಟೀವಿಲಿ ನೋಡ್ತರೆ. ನಿನ್ನ ಕಾಲ್ ನೋಡಕ್ಕೆ ಬಂದವ್ರೆ ಕಣ್ಲಾ. ಆ ಪುಟ್ಬೊಮ್ಮನ್ನ ಒಂದ್ಸಲ ಮಲಗ್ಸು. ಪೂರ್ತಿ ಮುರಿಬ್ಯಾಡ, ನಾನೇನ್ ಕಟುಕನಾ? ಸುಮ್ನೆ ಒಂದ್ ಸದ್ ಬಂದ್ರೆ ಸಾಕು. ಆಂಬುಲೆನ್ಸೂ ನಿಲ್ಸಿವ್ನಿ, ನೋಡಲ್ಲಿ.”

ಬೇವಿನ ಮರದ ನೆರಳಲ್ಲಿ ನಿಜಕ್ಕೂ ಒಂದು ಆಂಬುಲೆನ್ಸ್ ನಿಂತಿತ್ತು. ಡ್ರೈವರ್ ಬಾಗಿಲು ತೆರೆದಿಟ್ಟುಕೊಂಡು ಕಡಲೆಕಾಯಿ ತಿನ್ನುತ್ತಿದ್ದ. ನಟರಾಜು ಅರ್ಧ ಕುಡಿದ ಎಳನೀರನ್ನು ದೇವಣ್ಣನ ಕೈಗೇ ವಾಪಸ್ ಕೊಟ್ಟ.

ನಟರಾಜು ಮೊದಲಿಂದ ಕಾಲು ಮುರಿಯುವವನಾಗಿರಲಿಲ್ಲ. ದೇವಾಂಗರ ಬೀದಿಯ ಮಗ್ಗದ ಮನೆಯಲ್ಲಿ ಬೆಳೆದವನು. ಅಲ್ಲಿ ರೇಷ್ಮೆ ನೂಲಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ಪುಸ್ತಕಕ್ಕೆ, ಪೊರಕೆಗೆ, ಪಕ್ಕದಲ್ಲಿ ಮಲಗಿದ ತಮ್ಮನಿಗೆ, ಯಾವುದಕ್ಕೆ, ಯಾರಿಗೆ ತಗುಲಿದರೂ ಅಷ್ಟೇ. ಇದನ್ನು ಅವನಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಕಣ್ಣು ಮಿಟುಕಿಸುವುದನ್ನು ಯಾರು ಕಲಿಸುತ್ತಾರೆ? ಕೋಲ್ಕತ್ತದಲ್ಲಿ ಆಡುವಾಗ ಒಂದು ಪಂದ್ಯದ ಕೊನೆಯಲ್ಲಿ, ತಮ್ಮ ಗೋಲಿನ ಎದುರಲ್ಲೇ, ಎದುರಾಳಿಯ ಕಾಲಿಂದ ಚೆಂಡನ್ನು ಅಚ್ಚುಕಟ್ಟಾಗಿ ಕಿತ್ತುಕೊಂಡಿದ್ದ. ಅವನ ಬೂಟು ಆ ಹುಡುಗನ ಮೊಣಕಾಲನ್ನು ಸವರಿಕೊಂಡು ಹೋಯಿತು. ನಟರಾಜು ಎದ್ದವನೇ ಅವನ ಭುಜ ಮುಟ್ಟಿ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡ. ದೂರದಲ್ಲಿದ್ದ ರೆಫರಿ ಅದನ್ನು ಬೇರೆ ಥರ ಓದಿದ. ತಪ್ಪು ಮಾಡಿದವನು ಕ್ಷಮೆ ಕೇಳುತ್ತಿದ್ದಾನೆ ಎಂದುಕೊಂಡ. ಶಿಳ್ಳೆ ಹೊಡೆದು ಪೆನಾಲ್ಟಿ ಕೊಟ್ಟ. ನಟರಾಜುವಿನ ತಂಡ ಸೋತಿತು.

ಆಮೇಲೆ ಕೋಚ್ ಅವನ ಕೈಗಳನ್ನು ಹಿಂದಕ್ಕೆ ಕಟ್ಟಿಸಿ ಟ್ಯಾಕಲ್ ಅಭ್ಯಾಸ ಮಾಡಿಸಿದ. ತಂಡದವರು ಸುತ್ತ ನಿಂತು ನಗುತ್ತಿದ್ದರು. ಕಾಲು ತಗುಲಿದಾಗಲೆಲ್ಲ ಕಟ್ಟಿದ ಕೈ ಬೆನ್ನಿನ ಹಿಂದೆ ಎಳೆಯುತ್ತಿತ್ತು. ಸ್ವಲ್ಪ ಕಾಲಕ್ಕೆ ಎಳೆಯುವುದು ನಿಂತಿತು. ಕೈ ಜೊತೆಗೆ ಇನ್ನೇನೋ ನಿಂತುಹೋಗಿತ್ತು. ಅದೇನೆಂದು ಅವನಿಗೆ ಗೋವಾದಲ್ಲಿ ಗೊತ್ತಾಯಿತು. ಅಲ್ಲಿ ಚೆಂಡು ಹೋಗಿಯಾಗಿತ್ತು. ಅದು ಹೋದದ್ದನ್ನು ಅವನು ನೋಡಿದ್ದ. ಹುಲ್ಲಿನ ಮೇಲೆ ಒಂದು ಕಾಲು ಮಾತ್ರ ಉಳಿದಿತ್ತು, ಅವನು ಅದಕ್ಕೇ ಹೊಡೆದ. ಆ ಹುಡುಗ ಮತ್ತೆ ಆಡಲಿಲ್ಲ. ಕ್ಲಬ್ಬಿನವರು ನಟರಾಜುವಿನ ಬೆನ್ನು ತಟ್ಟಿದರು.

ಎರಡನೇ ಅರ್ಧ ಶುರುವಾದಾಗ ಮೈದಾನದ ಒಂದು ಮೂಲೆಯಿಂದ ಕೂಗು ಎದ್ದಿತು. “ಸೌದೆ! ಸೌದೆ!” ಅದು ಸುತ್ತ ಹರಡಿತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರೂ ಕೂಗುತ್ತಿದ್ದರು. ಕಾಂಪೌಂಡ್ ಗೋಡೆಯ ಉದ್ದಕ್ಕೂ ಫೋನುಗಳು ಮೇಲೆದ್ದಿದ್ದವು.

ಕೊಳ್ಳೇಗಾಲದವರು ಒಂದು ಗೋಲು ಹೊಡೆದು ಸಮ ಮಾಡಿದ್ದರು. ಆಮೇಲೆ ಪುಟ್ಟಬೊಮ್ಮ ಎಡಗಡೆಯಿಂದ ಬಂದ. ನಟರಾಜು ಅವನ ಕಣ್ಣು ನೋಡಲಿಲ್ಲ, ಚೆಂಡು ನೋಡಿದ. ಕಾಲು ಮುಂದೆ ಚಾಚಿ ಜಾರಿದ. ಬೂಟಿಗೆ ಮೊದಲು ಸಿಕ್ಕಿದ್ದು ಚೆಂಡೇ. ಅದು ಗೆರೆ ದಾಟಿ ಹೋಯಿತು. ಪುಟ್ಟಬೊಮ್ಮ ಅವನ ಕಾಲಿಗೆ ಎಡವಿ, ಉರುಳಿ, ಧೂಳಿನಲ್ಲಿ ಬಿದ್ದ.

ಜನ ಒಮ್ಮೆಲೇ ಎದ್ದು ನಿಂತರು. ಅಷ್ಟು ದೊಡ್ಡ ಸದ್ದನ್ನು ನಟರಾಜು ಎಷ್ಟೋ ದಿನದಿಂದ ಕೇಳಿರಲಿಲ್ಲ. ಅವನು ಎದ್ದ. ಎಷ್ಟೋ ವರ್ಷ ಸುಮ್ಮನಿದ್ದ ಕೈ ತಾನಾಗಿ ಚಾಚಿತು, ಪುಟ್ಟಬೊಮ್ಮನ ಭುಜ ಮುಟ್ಟಿತು, ಕಣ್ಣಿಗೆ ಬಂತು. ರೆಫರಿಯಾಗಿದ್ದ ಯಳಂದೂರಿನ ಪಿ.ಟಿ. ಮೇಷ್ಟ್ರು ಮುತ್ತಯ್ಯ ಶಿಳ್ಳೆ ಬಾಯಿಂದ ತೆಗೆದು, “ಏನಾಗಿಲ್ಲ, ಆಡ್ರೋ ಆಡ್ರೋ” ಅಂದರು. ಈ ಕಡೆಯ ರೆಫರಿಗೆ ಆ ಕೈಯ ಅರ್ಥ ಗೊತ್ತಿತ್ತು.

ಪುಟ್ಟಬೊಮ್ಮ ಮೈ ಕೊಡವಿಕೊಂಡು ಎದ್ದು ನಿಂತ. ಆಗ ಜನರ ಬಾಯಿಂದ ಇನ್ನೊಂದು ಸದ್ದು ಬಂತು. “ಛೇ.” ಊಟಕ್ಕೆ ಕೂತ ಪಂಕ್ತಿಗೆ ಪಾಯಸ ಮುಗೀತು ಎಂದು ಹೇಳಿದ ಹಾಗೆ. ಒಬ್ಬೊಬ್ಬರೇ ಕೂತರು. ಫೋನುಗಳು ಇಳಿದವು.

ಪಂದ್ಯ ಸಮವಾಗಿ ಮುಗಿಯಿತು. ವೇದಿಕೆಯ ಹಿಂದೆ ದೇವಣ್ಣ ಅವನ ತೋಳು ಹಿಡಿದ.

“ಏನ್ಲಾ ನೀನ್ ಮಾಡಿದ್ದು? ಬೀಳ್ಸಿದ್ದು ಸರಿ. ಅವ್ನ ಮುಟ್ಟಿ ಕಣ್ಗೊತ್ಕಂಡ್ಯಲ್ಲ!”

“ಕಾಲು ತಗುಲ್ತು.”

“ತಗುಲುದ್ರೆ? ದೇವಸ್ಥಾನದ ಬಸವನಾ ಅವ್ನು? ಪೋಡಿನೋನು ಕಣ್ಲಾ! ನಾಕೂರ್ ಜನ ನೋಡವ್ರೆ. ನನ್ ಪಕ್ಕ ಕೂತಿದ್ದೋರೆಲ್ಲ ಮೊಕ ಮೊಕ ನೋಡ್ಕಂಡ್ರು.” ದೇವಣ್ಣ ದನಿ ತಗ್ಗಿಸಿದ. “ಓಗ್ಲಿ ಬುಡು. ಮೈಕಲ್ಲಿ ಒಂದ್ ಮಾತ್ ಅಂದ್ಬುಡು, ಕಣ್ಗೆ ಧೂಳ್ ಬಿದ್ದಿತ್ತು, ಒರಸ್ಕಂಡೆ ಅಂತ. ಸೋಮ್ವಾರದಿಂದ ಕೆಲ್ಸ ನಿಂದೇ. ನಮ್ ಐಕ್ಳಿಗೆ ನಿನ್ನಂಗೆ ಒಡೆಯದ್ ಕಲ್ಸು.”

ದೇವಣ್ಣನ ಕೈ ತೋಳಿನ ಮೇಲೆ ಬೆಚ್ಚಗೆ, ಒದ್ದೆಯಾಗಿ ಇತ್ತು. ನಟರಾಜು ಅದನ್ನು ಬಿಡಿಸಿಕೊಂಡು ನೀರಿನ ಟ್ಯಾಂಕರ್ ಕಡೆ ಹೋದ.

ಹನೂರಿನ ತಂಡಕ್ಕೆ ಊಟವನ್ನು ಅಲ್ಲೇ, ಟ್ಯಾಂಕರಿನ ಪಕ್ಕ, ಪೇಪರ್ ತಟ್ಟೆಗಳಲ್ಲಿ ಕೊಟ್ಟಿದ್ದರು. ಊರಿನ ತಂಡಕ್ಕೆ ಶಾಮಿಯಾನದಲ್ಲಿ ಎಲೆ ಹಾಕಿದ್ದರು. ಪುಟ್ಟಬೊಮ್ಮ ಕಾಲುಚೀಲ ಇಳಿಸುತ್ತಿದ್ದ. ಒಳಗಿನಿಂದ ಬಿದಿರಿನ ಸೀಳುಗಳು ಬಂದವು, ಬಟ್ಟೆಯಲ್ಲಿ ಸುತ್ತಿ ಕಣಕಾಲಿಗೆ ಬಿಗಿದದ್ದು.

“ಇದೇನು?”

“ನೀವ್ ಆಡ್ತೀರಿ ಅಂತ ತಿಳಿದ್ಮೇಲೆ ನಮ್ಮವ್ವ ಕಟ್ಬುಟ್ಳು ಸಾ.” ಪಕ್ಕದವರೆಲ್ಲ ನಕ್ಕರು. ಒಬ್ಬ, “ಅವ್ರವ್ವ ಕೇತಮ್ಮ ಎರಡ್ ದಿನ್ದಿಂದ ಬೆಟ್ಟದ್ ಮಾದಪ್ಪನ್ಗೆ ಕೈ ಮುಗೀತಾವ್ಳೆ, ಮಗನ್ ಕಾಲ್ ಉಳ್ಸಪ್ಪಾ ಅಂತ” ಅಂದ. ಮತ್ತೆ ನಗು.

ನಟರಾಜುವಿಗೆ ನಗು ಬರಲಿಲ್ಲ. ಎಲ್ಲೋ ಒಂದು ಪೋಡಿನಲ್ಲಿ, ಅವನು ಮುಖವನ್ನೇ ಕಾಣದ ಒಬ್ಬ ಹೆಂಗಸು ಅವನ ಹೆಸರು ಕೇಳಿ ಬಿದಿರು ಸೀಳಿದ್ದಳು. ಅವನಿಗೆ ತನ್ನ ಮೈಯೇ ವಾಸನೆ ಬಂದಂತಾಯಿತು. ಈ ಹುಡುಗನಿಗಾದರೂ ಏನೋ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಪುಟ್ಟಬೊಮ್ಮ ಫೋನ್ ತೆಗೆದು ಅವನ ಮುಂದೆ ಹಿಡಿದ. ಗೋವಾದ ಅದೇ ವಿಡಿಯೊ.

“ಸಾ, ಇದ್ನ ಎಂಗ್ ಆಕುದ್ರಿ ಸಾ? ದಿನಾ ನೋಡ್ತೀನಿ. ನಂಗೂ ಏಳ್ಕೊಡಿ.”

ಅವನ ಕಣ್ಣಲ್ಲಿ ಭಕ್ತಿ ಇತ್ತು. ನಟರಾಜು ಅದನ್ನು ನೋಡಲಾರದೆ ನೆಲ ನೋಡಿದ.

“ಹೇಳ್ಕೊಡಕ್ಕೆ ಏನಿಲ್ಲ. ಚೆಂಡು ಹೋದ್ಮೇಲೂ ಕಾಲು ಬೀಸಿದ್ರೆ ಆಯ್ತು.”

ಪುಟ್ಟಬೊಮ್ಮ ಅದನ್ನು ಜೋಕು ಎಂದುಕೊಂಡು ಜೋರಾಗಿ ನಕ್ಕ.

ಅಂಜನಾ ಹುಡುಕಿಕೊಂಡು ಬಂದಳು. “ಎಲ್ಲೋಗಿದ್ರಿ? ಮೈಕಲ್ಲಿ ಕೂಗ್ತಾವ್ರೆ. ಕೆಲ್ಸ ಕೊಟ್ರಾ?”

“ಕೊಟ್ರು. ಬ್ಯಾಡ ಅಂತ ನೀನೇ ಹೋಗಿ ಹೇಳ್ಬಿಟ್ಟು ಬಾ.”

ಆ ಕೆಲಸ ಅವಳಿಗೆ ಎಷ್ಟು ಬೇಕಿತ್ತು ಎಂದು ಅವನಿಗೆ ಗೊತ್ತಿತ್ತು.

“ನಾನ್ಯಾಕ್ ಏಳ್ಲಿ?” ಅಂದಳು. “ನಿಮ್ ಬಾಯ್ಗೇನಾಗದೆ? ಮದ್ವೆ ಆದಾಗಿಂದ ನಾನೇ ಮಾತಾಡ್ತಿವ್ನಿ.”

ಅವನು ವೇದಿಕೆ ಹತ್ತಿದ. ಶಾಲು ಬಂತು, ಹಾರ ಬಂತು. ದೇವಣ್ಣ ಮೈಕು ಕೊಟ್ಟು ತನ್ನ ಕಣ್ಣಿನ ಕೆಳಗೆ ಬೆರಳಿಟ್ಟು ಸನ್ನೆ ಮಾಡಿದ: ಧೂಳು, ಧೂಳು.

“ನಂಗೆ ಈ ಕೆಲಸ ಬೇಡ,” ಅಂದ ನಟರಾಜು.

ನಿರೂಪಕ ಇನ್ನೊಂದು ಮೈಕಿನಲ್ಲಿ, “ನೋಡ್ರಪ್ಪಾ, ಎಂಥಾ ದೊಡ್ಡ ಗುಣ! ಎಂಥಾ ವಿನಯ!” ಅಂದ. ಚಪ್ಪಾಳೆ ಬಿತ್ತು.

“ವಿನಯ ಅಲ್ಲ. ನನ್ನ ಕಣ್ಣಿಗೆ ಯಾವ ಧೂಳೂ ಬಿದ್ದಿರಲಿಲ್ಲ. ಗೋವಾದಲ್ಲೂ ಬಿದ್ದಿರಲಿಲ್ಲ. ಚೆಂಡು ಹೋಗಿತ್ತು. ನಾನು ನೋಡ್ದೆ. ನೋಡಿ, ಆಮೇಲೆ ಆ ಹುಡುಗನ ಕಾಲಿಗೆ ಹೊಡ್ದೆ.”

ಇಡೀ ಮೈದಾನ ಶಿಳ್ಳೆ ಹಾಕಿತು. ಟೋಪಿಗಳು ಮೇಲೆ ಹಾರಿದವು. “ಸೌದೆ! ಸೌದೆ!” ದೇವಣ್ಣ ಅವನನ್ನು ತಬ್ಬಿಕೊಂಡು ಕಿವಿಯಲ್ಲಿ, “ಚಿಂದಿ ಕಣ್ಲಾ, ಚಿಂದಿ ಮಾತು. ಧೂಳಿಂದ್ ಓಗ್ಲಿ ಬುಡು, ಸೋಮ್ವಾರ ಬಂದ್ಬುಡು” ಅಂದ. ಅವನ ಬೆವರು ನಟರಾಜುವಿನ ಕೆನ್ನೆಗೆ ಹತ್ತಿತು.

ನಟರಾಜು ಮೈಕನ್ನು ಮೇಜಿನ ಮೇಲಿಟ್ಟ. ಹಾರ ತೆಗೆದು ಅದರ ಪಕ್ಕ ಇಟ್ಟ. ಹಿಂದಿನ ಮೆಟ್ಟಿಲಿಂದ, ಮಂಡಿ ನೋವಿಗೆ ಒಂದೊಂದೇ ಕಾಲು ಇಟ್ಟು ಇಳಿದ. ಕೆಳಗೆ ಅಂಜನಾ ನಿಂತಿದ್ದಳು. ಸುತ್ತ ಇನ್ನೂ ಕೂಗುತ್ತಿದ್ದರು.

“ಯಾರಿಗೂ ಕೇಳಿಸ್ಲಿಲ್ಲ,” ಅಂದ.

“ನಂಗ್ ಕೇಳಿಸ್ತು,” ಅಂದಳು ಅವಳು. ಅವಳ ದನಿಯಲ್ಲಿ ಸಮಾಧಾನ ಇರಲಿಲ್ಲ. ಮುಂದಿನದಕ್ಕೆ ಏನು ಮಾಡುವುದೆಂದೂ ಅವಳು ಕೇಳಲಿಲ್ಲ. ಅವನ ಕೆನ್ನೆಗೆ ಹತ್ತಿದ್ದ ದೇವಣ್ಣನ ಬೆವರನ್ನು ಸೆರಗಿನ ತುದಿಯಿಂದ ಗಟ್ಟಿಯಾಗಿ ಒರೆಸಿ, “ನಡೀರಿ” ಅಂದಳು.