ಎರಡರಲ್ಲಿ ಒಂದು ಹೋದರೆ

ಹಕ್ಕಿಗೆ ಲೆಕ್ಕ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ನಮ್ಮ ಕೆಲಸವೆಲ್ಲ ನಿಂತಿತ್ತು. ಸೊಪ್ಪು ಹೊದಿಸಿದ ಪುಟ್ಟ ಗುಡಾರದೊಳಗೆ ನಾನೂ ಚಿಕ್ಕಮ್ಮನೂ ಒಟ್ಟಿಗೆ ನುಗ್ಗುವುದು. ಸ್ವಲ್ಪ ಹೊತ್ತಿಗೆ ನಾನೊಬ್ಬಳೇ ಸದ್ದು ಮಾಡುತ್ತ ಹೊರಟುಹೋಗುವುದು. ಮನುಷ್ಯರು ತೊಲಗಿದರೆಂದುಕೊಂಡು ಗಂಡು ಮಂಗಟ್ಟೆ ಹಕ್ಕಿ ಹಣ್ಣು ತರಬೇಕು, ಚಿಕ್ಕಮ್ಮ ಒಳಗಿನಿಂದ ಫೋಟೊ ಹೊಡೆಯಬೇಕು.

ಎದುರು ಮರದ ಪೊಟರೆಯಲ್ಲಿ ಹೆಣ್ಣು ಹಕ್ಕಿ ಮರಿ ಮಾಡಲು ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಒಳಗೇ ಕೂತಿತ್ತು; ಗಂಡು ತಂದುಕೊಟ್ಟರಷ್ಟೇ ಅದಕ್ಕೆ ಊಟ. ನಡುವೆ ಒಂದು ಸೀಳು. ಬೆಳಗಿನಿಂದ ಆ ಸೀಳಿನಲ್ಲಿ ಕೊಕ್ಕಿನ ತುದಿ ಹೊರಬಂದು ಖಾಲಿಯಾಗಿಯೇ ಒಳಹೋಗುತ್ತಿತ್ತು. ಅಜ್ಜಿಯ ಕಥೆಯಲ್ಲಿ ರಾಕ್ಷಸ ಕೂಡಿಹಾಕಿದ ರಾಜಕುಮಾರಿಗೂ ಹೊತ್ತುಹೊತ್ತಿಗೆ ಊಟ ಸಿಗುತ್ತಿತ್ತು.

ಮೂರು ದಿನದಿಂದ ಗಂಡು ದೂರದ ಕೊಂಬೆಯವರೆಗೆ ಬಂದು ತಿರುಗಿಹೋಗುತ್ತಿತ್ತು. ಕಾಡಿನಲ್ಲಿರಲು ನಮಗೆ ಅನುಮತಿ ಇದ್ದದ್ದು ಇವತ್ತಿನವರೆಗೆ. ಈ ಚಿತ್ರವಿಲ್ಲದೆ ಚಿಕ್ಕಮ್ಮನ ಆರು ವರ್ಷದ ಪುಸ್ತಕ ಮುಗಿಯುವಂತಿರಲಿಲ್ಲ.

“ಇದಕ್ಕೆ ಯಾರು ಲೆಕ್ಕ ಹೇಳಿಕೊಟ್ರು?” ಚಿಕ್ಕಮ್ಮ ಪಿಸುಗುಟ್ಟಿದಳು. “ನೀನು ಹೊಳೆವರೆಗೂ ಹೋಗ್ತಿದೀಯ ತಾನೆ?”

ನಾನು ಉಗುರು ಕಚ್ಚಿದೆ.

“ಪುಟ್ಟೀ?”

“ಹೋಗ್ತೀನಿ... ಆಮೇಲೆ ವಾಪಸ್ ಬಂದು ಆ ದಪ್ಪ ಮರದ ಹಿಂದೆ ನಿಂತ್ಕೋತೀನಿ. ಒಂದ್ಸಲ ನೋಡೋಣ ಅಂತ.”

“ಮೂರು ದಿನಾನೂ?”

“ಹೂಂ. ದಿನಕ್ಕೆ ನಾಕೈದು ಸಲ.”

“ನಿನ್ನ ಕಾಲಿಗೆ ಚಕ್ರ ಕಟ್ಟಿದಾರೇನೇ! ಅಲ್ಲಿ ಬಾಣಂತಿ ಬಾಯಿ ಬಿಟ್ಕೊಂಡು ಕೂತಿದಾಳೆ, ಇಲ್ಲಿ ನಾನು ಕೂತಿದೀನಿ, ನಿಂಗೆ ನೋಡೋ ಚಪಲ!” ಅವಳ ದನಿ ಒಡೆಯಿತು. “ಹೋಗು. ತಿರುಗಿ ನೋಡಿದ್ರೆ ಕಲ್ಲಾಗ್ತೀಯ. ನಮ್ಮಮ್ಮ ಹೇಳಿಲ್ವಾ ನಿಂಗೆ?”

“ಅಜ್ಜಿ ಕಥೇಲಿ ಎಲ್ರೂ ತಿರುಗಿ ನೋಡೇ ನೋಡ್ತಾರೆ, ಚಿಕ್ಕಮ್ಮ.”

“ಏಳೇ ಮೇಲೆ!”

ಹೊರಟೆ. ಒಣಗಿದೆಲೆ ತುಳಿಯುತ್ತ, ಬಾರದ ಹಾಡನ್ನು ಗಂಟಲು ಹರಿಯುವಂತೆ ಹಾಡುತ್ತ. ಜೇಬಿಗೆ ಕೈಹಾಕಿದರೆ ಲೆನ್ಸಿನ ಮುಚ್ಚಳ ಸಿಕ್ಕಿತು. ಸದ್ಯ, ಕ್ಯಾಮೆರಾ ಕಣ್ಣು ತೆರೆದೇ ಇದೆ. ದಪ್ಪ ಮರ ಬಂತು. ಕಾಲು ತಾನಾಗಿಯೇ ಅತ್ತ ವಾಲಿತು, ಎಳೆದುಕೊಂಡೆ. ಮುಂದೆ ನಡೆದೆ, ಓಡಿದೆ, ಮತ್ತೆ ನಡೆದೆ.

ಹೊಳೆಯ ಸದ್ದು ಕೇಳತೊಡಗಿದಾಗ, ಒದ್ದೆ ಕಂಬಳಿ ಕೊಡವಿದ ಹಾಗೆ, ದೊಡ್ಡ ರೆಕ್ಕೆಗಳು ನನ್ನ ತಲೆಯ ಮೇಲಿಂದ ನಾನು ಬಂದ ದಿಕ್ಕಿಗೆ ಸಾಗಿದವು.

ಕತ್ತಿನ ನರವೆಲ್ಲ ತುರಿಸಿತು. ಹಾಡು ಮರೆತುಹೋಯಿತು. ನೆನಪಿದ್ದ ಒಂದೇ ಸಾಲನ್ನು ಮತ್ತೆ ಮತ್ತೆ ಕೂಗುತ್ತ ಹೊಳೆಗೆ ಇಳಿದೆ, ಮೊಣಕಾಲಿನವರೆಗೂ, ಮುಖ ಆಚೆ ದಡಕ್ಕೆ.