ಮೊಳೆಯ ಮಟ್ಟ

ಮಾದರಿಯಲ್ಲಿ ಮನೆ ಹುಣಸೆ ಬೀಜದಷ್ಟಿತ್ತು. ಐವತ್ತು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ಮಾಡುವಂತಿರಲಿಲ್ಲ. ಆದರೂ ಇಂದ್ರವ್ವ ಅದಕ್ಕೊಂದು ಬಾಗಿಲು ಕೊರೆದು ಹಸಿರು ಬಣ್ಣ ಹಚ್ಚಿದ್ದಳು. ಗೋಕಾಕದ ಆಟಿಕೆ ಮಾಡುವವರ ಮನೆಯಲ್ಲಿ ಹುಟ್ಟಿದ ಕೈ, ಸುಮ್ಮನಿರುತ್ತಿರಲಿಲ್ಲ.

ಹುಕ್ಕೇರಿ ಕಡೆಯ ಹೊಳೆದಂಡೆಯ ಊರಿಗೆ ಆಕೆ ಸೊಸೆಯಾಗಿ ಹೋಗಿ ಹನ್ನೆರಡು ವರ್ಷವಾಗಿತ್ತು. ಆ ಹೊಳೆಗೆ ಈಗ ಅಣೆಕಟ್ಟು ಬರುವುದಿತ್ತು. ಅದರ ಮಾದರಿ ಮಾಡಿಸಲು ಆಕೆಯನ್ನು ಘಟಪ್ರಭಾದ ಕಚೇರಿಗೆ ಕರೆಸಿದ ಓವರ್ಸಿಯರ್ ರಾವಸಾಹೇಬ ಮೊದಲ ದಿನವೇ ಹೇಳಿದ್ದ, "ನಿಮ್ಮ ಊರಿಗಿ ನೀರ ಬರೂದಿಲ್ಲ ಬಿಡು." ಆ ಮಾತನ್ನು ಆಕೆ ಊರಿಗೆ ಒಯ್ದಳು. ಅದನ್ನೇ ನಂಬಿ ಊರವರು ತಕರಾರು ಅರ್ಜಿಗೆ ಹೆಬ್ಬೆಟ್ಟು ಒತ್ತದೆ ಕೂತರು.

ನಕಾಶೆಯಲ್ಲಿದ್ದ ಎತ್ತರದ ಗೆರೆಗಳ ಪ್ರಕಾರ ತೆಳು ಹಲಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಇಂದ್ರವ್ವ ನೆಲ ಮಾಡಿದಳು. ಅಣೆಕಟ್ಟಿನ ಗೋಡೆಗೆ ರಾವಸಾಹೇಬ ತಾನೇ ಒಂದು ಮೊಳೆ ಹೊಡೆದ. ನೀರು ಅಲ್ಲಿಯವರೆಗೆ. ನೀರೆಂದರೆ ಮುಂಬಯಿಯಿಂದ ಡಬ್ಬಿಯಲ್ಲಿ ಬಂದ ರೆಸಿನ್ನು. ಜೇನಿನಂತೆ ಮಂದ, ಔಷಧದ ಹನಿ ಕಲಸಿ ಸುರಿದರೆ ಗಟ್ಟಿಯಾಗಿ ಗಾಜಿನಂತೆ ತಿಳಿಯಾಗುತ್ತಿತ್ತು. ಹಲಗೆಗೆ ಮೊದಲು ವಾರ್ನಿಷ್ ಕುಡಿಸದಿದ್ದರೆ ಗುಳ್ಳೆ ಏಳುತ್ತವೆಂದು ಆಕೆ ಎರಡು ಡಬ್ಬಿ ಕೆಡಿಸಿ ಕಲಿತಿದ್ದಳು.

ಸುರಿದಳು. ರೆಸಿನ್ನು ಯಾರನ್ನೂ ಕೇಳದೆ ತನ್ನ ಮಟ್ಟ ತಾನೇ ಹುಡುಕಿಕೊಂಡು ಹರಡಿತು. ಗದ್ದೆ ಮುಚ್ಚಿತು, ಬೇವಿನ ಕಟ್ಟೆ ಮುಚ್ಚಿತು. ಆಕೆಯ ಕೈ ನಿಂತಿತು.

"ಸಾಹೇಬ್ರ, ನಮ್ಮ ಹೊಸ್ತಿಲಾ ದಾಟಾಕತ್ತೈತ್ರಿ."

"ಮೊಳಿ ಇನ್ನೂ ಕಾಣ್ತೈತಿ."

"ಬರೂದಿಲ್ಲ ಅಂದಿದ್ರಿ."

"ಹಂಗ ಅನ್ನದಿದ್ರ ನೀ ಮಾಡತಿದ್ದೇನು?"

ಡಬ್ಬಿ ಕಸಿದುಕೊಂಡು ಉಳಿದದ್ದನ್ನು ಅವನೇ ಸುರಿದ. ಮೊಳೆ ಮುಳುಗಿತು. ಹಸಿರು ಬಾಗಿಲಿನಿಂದ ಒಂದು ಗುಳ್ಳೆ ಎದ್ದು, ಮೇಲೆ ಬರುವ ಮೊದಲೇ ಗಟ್ಟಿಯಾಯಿತು.

"ಮುಳುಗಿದವ್ರಿಗಿ ಕಟ್ಟೂ ಹೊಸ ಊರಾಗ ಯಾರಿಗಿ ಯಾವ ಜಾಗ ಅಂತ ಬರಿಯಾಂವ ನಾನ," ಎಂದ ರಾವಸಾಹೇಬ, ಕೈ ಒರೆಸಿಕೊಳ್ಳುತ್ತ. "ಎಂಟ ದಿನ ಬಾಯಿ ಮುಚ್ಕೊಂಡಿರು."

ತಕರಾರು ಅರ್ಜಿ ಕೊಡಲು ಏಳು ದಿನ ಉಳಿದಿತ್ತು. ಇಂದ್ರವ್ವ ಬಾಯಿ ಮುಚ್ಚಿಕೊಂಡಳು. ಸಂಜೆ ಊರಿಗೆ ಮರಳಿದಾಗ ಅತ್ತೆ ಕಾಡವ್ವ ಮಾದರಿ ಹೇಗಾಯಿತೆಂದು ದಿನಾ ಕೇಳಿದರೆ, "ಚಲೋ ಆಗೇತ್ರಿ," ಅಂದಳು.

ಎಂಟನೆಯ ದಿನ ಊರೆಲ್ಲ ಬಸ್ಸು ಹತ್ತಿ ಮಾದರಿ ನೋಡಲು ಬಂತು. ಕಾಡವ್ವ ಬಗ್ಗಿ ನೋಡಿ ಕೂಗಿದಳು, "ಯವ್ವಾ, ನನ್ನ ಮನಿ! ಬಾಗಿಲಾ ಸುದ್ದಾ ಮಾಡ್ಯಾಳ ನೋಡ್ರಿ!" ಎಲ್ಲರೂ ನೂಕಾಡಿ ತಮ್ಮ ತಮ್ಮ ಮನೆ ಹುಡುಕಿದರು, ನಕ್ಕರು.

"ಮ್ಯಾಲ ಗಾಜ ಯಾಕ್ರಿ ಸಾಹೇಬ್ರ? ಧೂಳ ಬೀಳಬಾರದಂತನ?"

"ಗಾಜಲ್ಲ, ನೀರು. ನಿನ್ನ ಸೊಸಿನ ಸುರುವ್ಯಾಳ."

ನಗು ನಿಂತಿತು. ಕಾಡವ್ವ ಉಗುರಿನಿಂದ ಮೇಲ್ಮೈ ಕೆರೆದಳು. ಏನೂ ಏಳಲಿಲ್ಲ.

"ಅರ್ಜಿ ಕೊಡಾಕ..."

"ಅದರ ಮುದತ್ತ ನಿನ್ನಿಗಿ ಮುಗೀತು."

"ನಿನಗ ಎಂದ ಗೊತ್ತಾತು?" ಅತ್ತೆ ಸೊಸೆಯ ಕಡೆ ತಿರುಗಿದಳು.

ರಾವಸಾಹೇಬನೇ ಹೇಳಿದ, "ಎಂಟ ದಿನಾತು."

ಸಂಜೆಯ ಬಸ್ಸು ಕಿಕ್ಕಿರಿದಿತ್ತು. ಕಾಡವ್ವ ಸರಳು ಹಿಡಿದು ಊರು ಬರುವ ತನಕ ನಿಂತೇ ಇದ್ದಳು. ಇಂದ್ರವ್ವನ ಬಾಜೂ ಜಾಗ ಖಾಲಿ ಇತ್ತು.